ಹಾಯಿದೋಣಿಯ ವರ್ಗನಾಮಗಳು ಮತ್ತು ಕೂವೆಮರದ ಎತ್ತರ: ಅಳತೆಯ ಪಾಠಕ್ಕೊಂದು ಪೂರಕ ಬರಹ

ಹತ್ತನೆಯ ತರಗತಿಯ ಗಣಿತದಲ್ಲಿ ತ್ರಿಕೋನಮಿತಿ ಆರಂಭವಾಗಿ ‘ಎತ್ತರ ಮತ್ತು ದೂರ’ದ ಲೆಕ್ಕಗಳು ಬಂದೊಡನೆ ಕಡಲು ಎದುರಾಗುತ್ತದೆ. ದೀಪಸ್ತಂಭದ ಮೇಲೆ ನಿಂತವರು ಹಡಗನ್ನು ನೋಡುತ್ತಾರೆ. ದೋಣಿಯಲ್ಲಿ ಕುಳಿತವರು ದೀಪಸ್ತಂಭದ ತುದಿಯನ್ನು ನೋಡುತ್ತಾರೆ. ಕೃಷ್ಣಗಿರಿ ಜಿಲ್ಲೆಗೆ ಕಡಲತೀರವಿಲ್ಲ. ಹೊಸೂರು, ತಳಿ, ದೇನಕನಿಕೋಟೆ, ಶೂಲಗಿರಿ ಭಾಗದ ಕನ್ನಡ ಮಾಧ್ಯಮದ ಮಕ್ಕಳಿಗೆ ಪರಿಚಿತವಾದ ನೀರೆಂದರೆ ಕೆಲವರಪಳ್ಳಿ ಮತ್ತು ಕೃಷ್ಣಗಿರಿ ಜಲಾಶಯಗಳ ನೀರು. ಪರಿಚಿತವಾದ ದೋಣಿಯೆಂದರೆ ಹೊಗೇನಕಲ್ಲಿನ ಹರಿಗೋಲು. ಹರಿಗೋಲಿಗೆ ಹಾಯಿಯಿಲ್ಲ, ಕಂಬವಿಲ್ಲ. ಹೀಗಾಗಿ ಲೆಕ್ಕದಲ್ಲಿ ಹಾಯಿದೋಣಿ ಬಂದಾಗ ಮಕ್ಕಳು ಸೂತ್ರವನ್ನು ಬಲ್ಲರು, ಚಿತ್ರವನ್ನು ಅರಿಯರು. ಉತ್ತರ ತಪ್ಪುವುದು ಸಾಮಾನ್ಯವಾಗಿ ಅಲ್ಲಿಯೇ.

ಕಡಲಿಲ್ಲದ ನೆಲದ ಮಕ್ಕಳಿಗೆ ಹಾಯಿದೋಣಿ ದೂರದ ವಸ್ತುವೆಂದು ಭಾವಿಸಬೇಕಾಗಿಲ್ಲ. 2023ರಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಬಾಲಕಿಯರ ಹಾಯಿದೋಣಿ ಸ್ಪರ್ಧೆಯ ಬೆಳ್ಳಿ ಪದಕ ಪಡೆದ ನೇಹಾ ಠಾಕೂರ್ ಮಧ್ಯಪ್ರದೇಶದವರು. ಆ ರಾಜ್ಯಕ್ಕೂ ಕಡಲಿಲ್ಲ; ಅವರು ಕಲಿತದ್ದು ಭೋಪಾಲದ ಕೆರೆಯಲ್ಲಿ. ಅದೇ ಕೂಟದಲ್ಲಿ ಕಂಚು ಪಡೆದ ವಿಷ್ಣು ಸರವಣನ್ ನಮ್ಮ ರಾಜ್ಯದ ವೆಲ್ಲೂರಿನವರು.

ಈ ಬರಹವು ಎರಡು ವಿಷಯಗಳನ್ನು ವಿವರಿಸುತ್ತದೆ. ಮೊದಲನೆಯದು, ಹಾಯಿದೋಣಿಗಳ ವರ್ಗನಾಮಗಳಲ್ಲಿ ಬರುವ ಸಂಖ್ಯೆಗಳ ಅರ್ಥ. ಎರಡನೆಯದು, ನೀರಿನ ಮಟ್ಟದಿಂದ ಕೂವೆಮರದ ತುದಿಯ ಎತ್ತರವನ್ನು ಅಂದಾಜು ಮಾಡುವ ಬಗೆ. ಎರಡರ ಹಿಂದೆಯೂ ಇರುವ ಪಾಠ ಒಂದೇ: ಸಂಖ್ಯೆಯನ್ನು ಕಂಡೊಡನೆ ‘ಏನನ್ನು ಅಳೆದದ್ದು? ಎಲ್ಲಿಂದ ಅಳೆದದ್ದು?’ ಎಂದು ಕೇಳದೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

೧. ಮೊದಲು ಪದಗಳು

ಗಾಳಿಯನ್ನು ಹಿಡಿಯುವ ಬಟ್ಟೆ ‘ಹಾಯಿ’. ಹಾಯಿಯನ್ನು ಎತ್ತಿ ಕಟ್ಟುವ ನೆಟ್ಟನೆಯ ಕಂಬ ‘ಕೂವೆಮರ’; ಇದನ್ನು ಕೂವೆಕಂಬ, ಹಾಯಿಕಂಬ ಎಂದೂ ಕರೆಯುತ್ತಾರೆ. ಹಾಯಿಯ ಕೆಳ ಅಂಚನ್ನು ಹಿಡಿದಿಡುವ, ಕೂವೆಮರಕ್ಕೆ ಅಡ್ಡಲಾಗಿ ಜೋಡಿಸಿದ ತೊಲೆಗೆ ‘ಬೂಮ್’ ಎಂದು ಹೆಸರು. ದೋಣಿಯ ಮೇಲ್ಹಾಸು ‘ಡೆಕ್’. ದಿಕ್ಕನ್ನು ತಿರುಗಿಸುವುದು ‘ಚುಕ್ಕಾಣಿ’. ದೋಣಿಯ ಪಕ್ಕದಲ್ಲಿ ನೀರು ಮುಟ್ಟುವ ಮಟ್ಟ ‘ನೀರಿನ ಗೆರೆ’.

ಗಡಿಭಾಗದ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ. ಕೂವೆಮರಕ್ಕೆ ತಮಿಳಿನಲ್ಲಿ ‘ಪಾಯ್‌ಮರಂ’ ಎನ್ನುತ್ತಾರೆ. ತಮಿಳಿನ ‘ಪಾಲ್’ ಕನ್ನಡದಲ್ಲಿ ‘ಹಾಲು’, ‘ಪಲ್’ ‘ಹಲ್ಲು’, ‘ಪೂ’ ‘ಹೂ’ ಆಗಿರುವಂತೆಯೇ ‘ಪಾಯ್’ ಎಂಬುದು ‘ಹಾಯಿ’ ಆಗಿದೆ. ತಮಿಳಿನಲ್ಲಿ ಚಾಪೆಗೂ ‘ಪಾಯ್’ ಎಂದೇ ಹೆಸರು. ಹೆಣೆದ ಚಾಪೆಯೇ ಹಾಯಿಯಾಗಿದ್ದ ಕಾಲವನ್ನು ಆ ಮಾತು ನೆನಪಿಸುತ್ತದೆ. ‘ಪರಿಸಲ್’ ಮತ್ತು ‘ಹರಿಗೋಲು’ ಪದಗಳ ಮೊದಲ ಅಕ್ಷರದಲ್ಲಿಯೂ ಇದೇ ಬದಲಾವಣೆಯನ್ನು ಕಾಣಬಹುದು. ಎರಡೂ ಭಾಷೆಗಳನ್ನು ಬಲ್ಲ ಮಗು ಈ ಜೋಡಿಗಳನ್ನು ತಾನೇ ಗುರುತಿಸಿದಾಗ ಹೊಸ ಪದ ಬಾಯಿಪಾಠದ ಹೊರೆಯಾಗುವುದಿಲ್ಲ.

೨. ‘ವರ್ಗ’ ಎಂದರೇನು?

ಹಾಯಿದೋಣಿಯ ವಿಷಯದಲ್ಲಿ ‘ಕ್ಲಾಸ್’ ಎಂಬ ಪದವನ್ನು ‘ತರಗತಿ’ ಎಂದು ಅನುವಾದಿಸಿದರೆ ಅರ್ಥ ಕೆಡುತ್ತದೆ. ‘ವರ್ಗ’ ಎನ್ನುವುದು ಸರಿ. ಆದರೆ ಗಣಿತದಲ್ಲಿ ಸಂಖ್ಯೆಯ ವರ್ಗ, ವರ್ಗಮೂಲ ಎಂಬ ಬಳಕೆಗಳೂ ಇರುವುದರಿಂದ ಇಲ್ಲಿ ಅದು ‘ಒಂದೇ ಬಗೆಯವುಗಳ ಗುಂಪು’ ಎಂಬ ಅರ್ಥದಲ್ಲಿದೆಯೆಂದು ಶಿಕ್ಷಕರು ಆರಂಭದಲ್ಲಿಯೇ ತಿಳಿಸಬೇಕು.

ವರ್ಗಗಳು ಹುಟ್ಟಿದ್ದು ಸ್ಪರ್ಧೆಯಲ್ಲಿ ನ್ಯಾಯ ಇರಬೇಕೆಂಬ ಕಾರಣದಿಂದ. ಉದ್ದವಾದ ದೋಣಿಯೂ ದೊಡ್ಡ ಹಾಯಿಯೂ ಇದ್ದವರು ಗೆದ್ದರೆ ಅದು ದೋಣಿಯ ಗೆಲುವಾದೀತೇ ಹೊರತು ನಡೆಸುವವರ ಗೆಲುವಾಗದು. ಆದುದರಿಂದ ಒಂದು ವರ್ಗದ ದೋಣಿಗಳ ಆಕಾರ, ಉದ್ದ, ತೂಕ, ಹಾಯಿಯ ವಿಸ್ತೀರ್ಣ ಎಲ್ಲವನ್ನೂ ನಿಯಮದಿಂದ ಕಟ್ಟಿಹಾಕುತ್ತಾರೆ. ನಮ್ಮ ರಾಜ್ಯದಲ್ಲಿ ಹನ್ನೊಂದನೆಯ ತರಗತಿಯವರಿಗೆ ಸರ್ಕಾರ ಕೊಡುವ ಸೈಕಲ್ಲುಗಳನ್ನು ಉದಾಹರಣೆಯಾಗಿ ಹೇಳಬಹುದು. ಎಲ್ಲರೂ ಅದೇ ಮಾದರಿಯ ಸೈಕಲ್ಲನ್ನು ತುಳಿದು ಪಂದ್ಯ ಕಟ್ಟಿದರೆ ಸೋಲುಗೆಲುವು ತುಳಿಯುವವರದು.

ಹಾಯಿಯ ಮೇಲೆ ವರ್ಗದ ಗುರುತು, ದೇಶದ ಸಂಕೇತ ಮತ್ತು ದೋಣಿಯ ಸಂಖ್ಯೆ ಇರುತ್ತವೆ. ಭಾರತದ ಸಂಕೇತ ‘ಐಎನ್‌ಡಿ’. ಪತ್ರಿಕೆಯ ಚಿತ್ರದಲ್ಲಿ ಈ ಗುರುತು ಕಂಡರೆ ದೋಣಿಯ ಉದ್ದ ತಿಳಿದಂತೆಯೇ ಸರಿ. ಇದು ಮುಂದೆ ಎತ್ತರದ ಅಂದಾಜಿಗೆ ನೆರವಾಗುತ್ತದೆ.

೩. ಒಂದೇ ಸಂಖ್ಯೆ, ಬೇರೆ ಬೇರೆ ಅಳತೆ

‘470’ ಎಂಬುದು ಇಬ್ಬರು ನಡೆಸುವ ದೋಣಿಯ ವರ್ಗ. 1963ರಲ್ಲಿ ಫ್ರಾನ್ಸಿನ ಆಂದ್ರೆ ಕೋರ್ನು ರೂಪಿಸಿದ ಇದು 1976ರಿಂದ ಒಲಿಂಪಿಕ್ ಕ್ರೀಡೆಗಳಲ್ಲಿದೆ. ಇಲ್ಲಿ 470 ಎಂದರೆ ಸೆಂಟಿಮೀಟರ್‌ಗಳಲ್ಲಿ ದೋಣಿಯ ಉದ್ದ, ಅಂದರೆ 4.70 ಮೀಟರ್. ‘420’ ವರ್ಗದ ಉದ್ದವೂ ಹೀಗೆಯೇ 4.20 ಮೀಟರ್.

ಇನ್ನೊಂದು ವರ್ಗದ ಹೆಸರು ‘ಲೇಸರ್ 4.7’. ‘470’ರ ಉದ್ದ 4.7 ಮೀಟರ್ ಎಂದು ಈಗ ತಾನೆ ಕಲಿತ ಮಗು ಇದನ್ನೂ ಉದ್ದವೆಂದೇ ಭಾವಿಸುತ್ತದೆ. ಆದರೆ ಇಲ್ಲಿ 4.7 ಎಂಬುದು ಹಾಯಿಯ ವಿಸ್ತೀರ್ಣ. ಮಾನ ಚದರ ಮೀಟರ್. ಈ ದೋಣಿಯ ಉದ್ದ ಸುಮಾರು 4.2 ಮೀಟರ್ ಮಾತ್ರ. ಅಂಕಿಗಳು ಅವೇ, ಒಂದು ಕಡೆ ಉದ್ದ, ಇನ್ನೊಂದು ಕಡೆ ವಿಸ್ತೀರ್ಣ. ಮಾನವಿಲ್ಲದ ಸಂಖ್ಯೆಯ ಅಪಾಯವನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕೆನಡಾದ ಬ್ರೂಸ್ ಕರ್ಬಿ ರೂಪಿಸಿದ ಲೇಸರ್ ದೋಣಿಯನ್ನು ಈಗ ‘ಐಎಲ್‌ಸಿಎ’ ಎಂಬ ಹೆಸರಿನಿಂದ ಕರೆಯುತ್ತಾರೆ. ದೋಣಿಯ ಒಡಲು ಒಂದೇ. ನಡೆಸುವವರ ಮೈತೂಕಕ್ಕೆ ಹೊಂದುವಂತೆ ಹಾಯಿಯನ್ನೂ ಕೂವೆಮರದ ಕೆಳತುಂಡನ್ನೂ ಬದಲಾಯಿಸುತ್ತಾರೆ. ಐಎಲ್‌ಸಿಎ 7ರ ಹಾಯಿ 7.06 ಚದರ ಮೀಟರ್, ಐಎಲ್‌ಸಿಎ 6ರದು ಸುಮಾರು 5.76, ಐಎಲ್‌ಸಿಎ 4ರದು 4.7. ಹಿಂದಿನ ‘ಲೇಸರ್ 4.7’ ಈಗಿನ ‘ಐಎಲ್‌ಸಿಎ 4’. ನೇಹಾ ಠಾಕೂರ್ ಪದಕ ಪಡೆದದ್ದು ಈ ವರ್ಗದಲ್ಲಿ. ಈ ಸಂಖ್ಯೆಗಳನ್ನು ಮಕ್ಕಳು ಪೂರ್ಣಾಂಕಕ್ಕೆ ಹೊಂದಿಸಿ ನೋಡಲಿ. 7.06 ಎಂಬುದು 7 ಆಗುತ್ತದೆ, 5.76 ಎಂಬುದು 6 ಆಗುತ್ತದೆ. ಆದರೆ 4.7 ಎಂಬುದು 5 ಆಗಬೇಕಿತ್ತು. ಹೆಸರು ಮಾತ್ರ 4. ಹೆಸರು ಹೆಸರೇ, ಅಳತೆಯಲ್ಲ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ.

ಹೆಸರು ಬದಲಾದಾಗ ದೋಣಿ ಬದಲಾಯಿತೆಂದು ತಿಳಿಯಬಾರದು. ಚೆನ್ನೈನ ನೇತ್ರಾ ಕುಮನನ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಭಾರತದ ಮೊದಲ ಹಾಯಿದೋಣಿ ಕ್ರೀಡಾಪಟು ಮಹಿಳೆ. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಅವರ ವರ್ಗವನ್ನು ‘ಲೇಸರ್ ರೇಡಿಯಲ್’ ಎಂದು ಬರೆದರು, 2024ರ ಪ್ಯಾರಿಸ್ ಕೂಟದಲ್ಲಿ ‘ಐಎಲ್‌ಸಿಎ 6’ ಎಂದು ಬರೆದರು. ವರ್ಗ ಅದೇ.

ಇನ್ನೆರಡು ಹೆಸರುಗಳು: ‘ಫಾರ್ಟಿನೈನರ್’ ದೋಣಿಯ ಉದ್ದ ಐದು ಮೀಟರಿಗೆ ತುಸು ಕಡಿಮೆ. ಹೆಸರಿನಲ್ಲಿರುವ 49 ಎಂಬುದು ಉದ್ದಕ್ಕೆ ಹೊಂದುತ್ತದೆ. ಹಾಗಾದರೆ ‘ಟ್ವೆಂಟಿನೈನರ್’ ದೋಣಿ 2.9 ಮೀಟರ್ ಇರಬೇಕೇ? ಇಲ್ಲ, ಅದು ನಾಲ್ಕು ಮೀಟರಿಗೂ ಹೆಚ್ಚು ಉದ್ದ. ಅಣ್ಣನ ಹೆಸರನ್ನು ಅನುಸರಿಸಿ ತಮ್ಮನಿಗೆ ಹೆಸರಿಟ್ಟಂತೆ. ಹದಿನೈದು ವರ್ಷದೊಳಗಿನ ಮಕ್ಕಳು ಕಲಿಯುವ ‘ಆಪ್ಟಿಮಿಸ್ಟ್’ ದೋಣಿಯ ಹೆಸರಿನಲ್ಲಿ ಸಂಖ್ಯೆಯೇ ಇಲ್ಲ. ಅದರ ಉದ್ದ ಸುಮಾರು 2.3 ಮೀಟರ್. 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ಅದನ್ನು ರೂಪಿಸಿದರು.

ವರ್ಗವಲ್ಲದೆ ಕೂವೆಮರ ಮತ್ತು ಹಾಯಿಗಳ ಜೋಡಣೆಯಿಂದಲೂ ದೋಣಿಗಳನ್ನು ಹೆಸರಿಸುತ್ತಾರೆ. ಒಂದು ಕೂವೆಮರ, ಅದರ ಮುಂದೊಂದು ಹಿಂದೊಂದು ಹಾಯಿ ಇದ್ದರೆ ಅದು ‘ಸ್ಲೂಪ್’. ಭಾರತೀಯ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರಿನಿಂದ 2018ರ ಮೇ ತಿಂಗಳವರೆಗೆ ಭೂಮಂಡಲವನ್ನು ಸುತ್ತಿಬಂದ ‘ತಾರಿಣಿ’ ಸ್ಲೂಪ್ ಬಗೆಯದು. ಅದರ ಉದ್ದ ಸುಮಾರು 17 ಮೀಟರ್, ಕೂವೆಮರ ಸುಮಾರು 25 ಮೀಟರ್.

೪. ಎತ್ತರ ಎಲ್ಲಿಂದ?

‘ಕೂವೆಮರ 25 ಮೀಟರ್’ ಎಂದಾಗ ಮೂರು ಅರ್ಥಗಳು ಸಾಧ್ಯ: ಕಂಬದ ಪೂರ್ತಿ ಉದ್ದ, ಡೆಕ್ಕಿನಿಂದ ತುದಿಯವರೆಗಿನ ಎತ್ತರ, ನೀರಿನ ಗೆರೆಯಿಂದ ತುದಿಯವರೆಗಿನ ಎತ್ತರ. ಸೇತುವೆಯ ಕೆಳಗೋ ವಿದ್ಯುತ್ ತಂತಿಯ ಕೆಳಗೋ ಹಾದುಹೋಗುವವರಿಗೆ ಬೇಕಾದದ್ದು ಮೂರನೆಯದು ಮಾತ್ರ. ಅನೇಕ ದೋಣಿಗಳಲ್ಲಿ ಕಂಬದ ಬುಡ ಡೆಕ್ಕನ್ನು ತೂರಿ ಒಳಗೆ ಇಳಿದಿರುತ್ತದೆ. ಡೆಕ್ಕು ನೀರಿನಿಂದ ಮೇಲೆ ಇರುತ್ತದೆ. ಆದುದರಿಂದ ಈ ಮೂರು ಸಂಖ್ಯೆಗಳು ಒಂದೇ ಆಗಿರುವುದಿಲ್ಲ.

ಶಾಲೆಯ ಧ್ವಜಸ್ತಂಭವೇ ಇದಕ್ಕೆ ಮಾದರಿ. ಕಂಬದ ಒಂದು ಭಾಗ ಕಟ್ಟೆಯೊಳಗೆ ಹುದುಗಿದೆ. ಕಟ್ಟೆಯ ಮೇಲಿನಿಂದ ತುದಿಯವರೆಗೆ ಒಂದು ಎತ್ತರ, ಅಂಗಳದ ನೆಲದಿಂದ ತುದಿಯವರೆಗೆ ಇನ್ನೊಂದು. ಕಟ್ಟೆಯನ್ನು ಡೆಕ್ ಎಂದೂ ಅಂಗಳವನ್ನು ನೀರೆಂದೂ ಭಾವಿಸಿದರೆ ಹಾಯಿದೋಣಿ ಶಾಲೆಯ ಅಂಗಳಕ್ಕೇ ಬಂದಂತಾಯಿತು.

೫. ಕೂಡಿಸಿ ಪಡೆಯುವ ವಿಧಾನ

ದೊಡ್ಡ ಹಾಯಿದೋಣಿಗಳ ವಿವರಪಟ್ಟಿಯಲ್ಲಿ ‘ಐ’, ‘ಜೆ’, ‘ಪಿ’, ‘ಇ’ ಎಂಬ ನಾಲ್ಕು ಅಕ್ಷರಗಳಿರುತ್ತವೆ. ‘ಪಿ’ ಎಂದರೆ ಬೂಮಿನಿಂದ ಮುಖ್ಯ ಹಾಯಿಯನ್ನು ಏರಿಸಬಹುದಾದ ತುದಿಯವರೆಗೆ ಕೂವೆಮರದ ಗುಂಟ ಅಳತೆ. ‘ಇ’ ಎಂದರೆ ಬೂಮಿನ ಗುಂಟ ಹಾಯಿಯ ಕೆಳ ಅಂಚಿನ ಅಳತೆ. ‘ಐ’ ಎಂದರೆ ಡೆಕ್ಕಿನಿಂದ ಮುಂದಿನ ಹಾಯಿಯ ಹಗ್ಗ ಕೂವೆಮರಕ್ಕೆ ಸೇರುವ ಜಾಗದವರೆಗಿನ ಎತ್ತರ. ‘ಜೆ’ ಎಂದರೆ ಕೂವೆಮರದ ಬುಡದಿಂದ ಆ ಹಗ್ಗ ಮುಂಭಾಗದಲ್ಲಿ ಡೆಕ್ಕಿಗೆ ಸೇರುವ ಜಾಗದವರೆಗಿನ ದೂರ. ಎತ್ತರಕ್ಕೆ ಬೇಕಾದವು ‘ಪಿ’ ಮತ್ತು ‘ಐ’.

ಕಲ್ಪಿತ ದೋಣಿಯೊಂದನ್ನು ತೆಗೆದುಕೊಳ್ಳೋಣ. ನೀರಿನಿಂದ ಡೆಕ್ಕಿಗೆ 1.1 ಮೀಟರ್, ಡೆಕ್ಕಿನಿಂದ ಬೂಮಿಗೆ 1.3, ‘ಪಿ’ 11.6, ಹಾಯಿಯ ತುದಿಯಿಂದ ಕೂವೆಮರದ ತುದಿಗೆ 0.4, ಅದರ ಮೇಲಿನ ದೀಪ, ಗಾಳಿಮಾಪಕ, ರೇಡಿಯೊ ಕಡ್ಡಿಗೆ 0.6. ಒಟ್ಟು 15 ಮೀಟರ್.

ಇದೇ ದೋಣಿಯ ‘ಐ’ 12 ಮೀಟರ್ ಎಂದಿರಲಿ. ಅವಸರದವರು ಅದಕ್ಕೆ ನೀರಿನಿಂದ ಡೆಕ್ಕಿಗಿರುವ 1.1 ಮೀಟರನ್ನು ಕೂಡಿಸಿ, ಎತ್ತರ 13.1 ಮೀಟರ್ ಎಂದುಕೊಳ್ಳುತ್ತಾರೆ. ಕೆಲವು ದೋಣಿಗಳಲ್ಲಿ ಮುಂದಿನ ಹಗ್ಗ ಕೂವೆಮರದ ತುದಿಗೇ ಸೇರುತ್ತದೆ. ಕೆಲವುಗಳಲ್ಲಿ ತುದಿಗಿಂತ ಕೆಳಗೆ ಸೇರುತ್ತದೆ. ನಮ್ಮ ದೋಣಿ ಎರಡನೆಯ ಬಗೆಯದು. ಆದುದರಿಂದ ಲೆಕ್ಕದಲ್ಲಿ 1.9 ಮೀಟರ್ ಬಿಟ್ಟುಹೋಗಿದೆ. ಎದುರಿಗೆ ನೀರಿನಿಂದ 14 ಮೀಟರ್ ಎತ್ತರದಲ್ಲಿ ತಂತಿ ಇದ್ದರೆ, ಕಾಗದದ ಮೇಲೆ ದೋಣಿ ದಾಟುತ್ತದೆ; ನೀರಿನ ಮೇಲೆ ದಾಟುವುದಿಲ್ಲ.

೬. ಚಿತ್ರದಿಂದ ಅಂದಾಜು

ವರ್ಗ ತಿಳಿದಿದ್ದರೆ ಉದ್ದ ತಿಳಿದಿರುತ್ತದೆ. ಉದ್ದ ತಿಳಿದಿದ್ದರೆ ಚಿತ್ರಕ್ಕೆ ಅಳತೆಗೋಲು ಸಿಕ್ಕಂತೆ. ‘470’ ದೋಣಿಯ ಪಕ್ಕನೋಟದ ಚಿತ್ರದಲ್ಲಿ ಒಡಲು 9.4 ಸೆಂಟಿಮೀಟರ್, ನೀರಿನಿಂದ ಕೂವೆಮರದ ತುದಿಗೆ 14 ಸೆಂಟಿಮೀಟರ್ ಬಂದಿತೆನ್ನೋಣ. ಎತ್ತರ = 14 × 4.7 ÷ 9.4 = 7 ಮೀಟರ್.

ಇಲ್ಲಿ ಎರಡು ಎಚ್ಚರಿಕೆಗಳಿವೆ. ದೋಣಿ ಓರೆಯಾಗಿ ನಿಂತಿದ್ದರೆ ಒಡಲು ಚಿತ್ರದಲ್ಲಿ ಮೋಟಾಗಿ ಕಾಣುತ್ತದೆ. 9.4ರ ಬದಲು 8 ಸೆಂಟಿಮೀಟರ್ ಕಂಡರೆ ಲೆಕ್ಕ 8.2 ಮೀಟರ್ ತೋರಿಸುತ್ತದೆ. ಕೂವೆಮರ ಬೆಳೆದದ್ದಲ್ಲ, ಅಳತೆಗೋಲು ಕುಗ್ಗಿದೆ. ಎರಡನೆಯದಾಗಿ, ಗಾಳಿಗೆ ದೋಣಿ ಒಂದು ಪಕ್ಕಕ್ಕೆ ವಾಲಿದಾಗ ತುದಿ ತಗ್ಗುತ್ತದೆ. 30 ಡಿಗ್ರಿ ವಾಲಿದರೆ 7 ಮೀಟರಿನ ಎತ್ತರ, 30 ಡಿಗ್ರಿಯ ಕೊಸೈನ್ ಬೆಲೆ 0.866ರಿಂದ ಗುಣಿಸಿದಾಗ, ಸುಮಾರು 6.1 ಮೀಟರ್ ಆಗುತ್ತದೆ. ಆದರೆ ಗಾಳಿ ನಿಂತೊಡನೆ ದೋಣಿ ನೆಟ್ಟಗಾಗುತ್ತದೆ. ಆದುದರಿಂದ ಸುರಕ್ಷತೆಯ ಲೆಕ್ಕದಲ್ಲಿ ನೆಟ್ಟಗಿರುವ ಎತ್ತರವನ್ನೇ ಹಿಡಿಯಬೇಕು.

‘ಕೂವೆಮರ ಒಡಲಿನ ಒಂದೂವರೆ ಪಟ್ಟು’ ಎಂಬ ಸ್ಥೂಲ ಸೂತ್ರ ‘470’ಕ್ಕೂ ‘ತಾರಿಣಿ’ಗೂ ಹೆಚ್ಚುಕಡಿಮೆ ಹೊಂದುತ್ತದೆ. ‘ಆಪ್ಟಿಮಿಸ್ಟ್’ಗೆ ಹೊಂದುವುದಿಲ್ಲ, ಅದರ ಕೂವೆಮರ ಒಡಲಿನಷ್ಟೇ ಉದ್ದ. ಸ್ಥೂಲ ಸೂತ್ರವು ಉತ್ತರವನ್ನು ಪರೀಕ್ಷಿಸಲು ಸರಿ, ಉತ್ತರವನ್ನೇ ಕೊಡಲು ಸಾಲದು.

೭. ಕೋನದಿಂದ ಎತ್ತರ

ಕೋನಮಾಪಕ, ದಾರ ಮತ್ತು ಒಂದು ಕಲ್ಲಿನಿಂದ ಮಕ್ಕಳು ಕೋನ ನೋಡುವ ಸಾಧನವನ್ನು ಮಾಡಿಕೊಳ್ಳಬಹುದು. ದಡದ ಹತ್ತಿರ ಕಟ್ಟಿದ ದೋಣಿಯ ಕೂವೆಮರದಿಂದ 8 ಮೀಟರ್ ದೂರದಲ್ಲಿ ನಿಂತವರಿಗೆ ತುದಿಯ ಉನ್ನತ ಕೋನ 30 ಡಿಗ್ರಿ ಕಂಡಿತೆನ್ನೋಣ. 8 × 0.577 = 4.62 ಮೀಟರ್. ಅನೇಕ ಮಕ್ಕಳು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಇದು ನೋಡುವವರ ಕಣ್ಣಿನ ಮಟ್ಟದಿಂದ ಮೇಲಿನ ಎತ್ತರ. ದಡದಿಂದ ಕಣ್ಣಿಗೆ 1.5 ಮೀಟರ್, ನೀರಿನಿಂದ ದಡಕ್ಕೆ 0.9 ಮೀಟರ್ ಇದ್ದರೆ, ನೀರಿನಿಂದ ತುದಿಗೆ 4.62 + 1.5 + 0.9 = 7.02 ಮೀಟರ್.

ದೋಣಿ ನೀರಿನ ನಡುವೆ ಇದ್ದು ದೂರವನ್ನು ಟೇಪಿನಿಂದ ಅಳೆಯಲಾಗದಿದ್ದರೆ ಎರಡು ಜಾಗಗಳಿಂದ ನೋಡಬೇಕು. ಒಂದು ಕಡೆ ಕೋನ 45 ಡಿಗ್ರಿ; ಅಲ್ಲಿಂದ ನೇರವಾಗಿ 3.38 ಮೀಟರ್ ಹಿಂದೆ ಸರಿದಾಗ 30 ಡಿಗ್ರಿ. ಕಣ್ಣಿನ ಮಟ್ಟದ ಮೇಲಿನ ಎತ್ತರ = 3.38 ÷ (1.732 − 1) = 4.62 ಮೀಟರ್. ಮೊದಲ ಉತ್ತರವೇ ಮತ್ತೆ ಬಂದಿತು. ಒಂದೇ ಎತ್ತರವನ್ನು ಎರಡು ದಾರಿಯಿಂದ ಪಡೆದಾಗ ಮಕ್ಕಳಿಗೆ ಸೂತ್ರದ ಮೇಲೆ ನಂಬಿಕೆ ಹುಟ್ಟುತ್ತದೆ.

೮. ನೀರಿನ ಮಟ್ಟವೂ ಬದಲಾಗುತ್ತದೆ

ಕೃಷ್ಣಗಿರಿ ಅಣೆಕಟ್ಟಿನ ಪೂರ್ಣ ಮಟ್ಟ 52 ಅಡಿ, ಕೆಲವರಪಳ್ಳಿಯದು 44.28 ಅಡಿ ಎಂದು ಮಕ್ಕಳು ಪತ್ರಿಕೆಯಲ್ಲಿ ಓದುತ್ತಾರೆ. ಎರಡೂ ನಂದಿಬೆಟ್ಟದ ಕಡೆಯಿಂದ ಹರಿದುಬರುವ ದಕ್ಷಿಣ ಪಿನಾಕಿನಿಯ ನೀರು. ಮಟ್ಟ 10 ಅಡಿ ಇಳಿದರೆ, ತೇಲುವ ದೋಣಿಯ ಕೂವೆಮರ ನೀರಿನಿಂದ ಅಷ್ಟೇ ಎತ್ತರದಲ್ಲಿರುತ್ತದೆ. ದಡದಲ್ಲಿ ನಿಂತವರಿಗೆ ಮಾತ್ರ ತುದಿ 10 ಅಡಿ ತಗ್ಗುತ್ತದೆ. ನೀರಿನ ಮೇಲೆ ಹಾದುಹೋಗುವ ತಂತಿ ಇದ್ದಲ್ಲೇ ಇರುತ್ತದೆ. ಆದುದರಿಂದ ಬೇಸಿಗೆಯಲ್ಲಿ ಸಲೀಸಾಗಿ ದಾಟಿದ ದೋಣಿ ಮಳೆಗಾಲದಲ್ಲಿ ತಂತಿಗೆ ತಗಲಬಹುದು. ಕಡಲಿನಲ್ಲಿ ಭರತ ಇಳಿತಗಳಿಂದ ಇದು ದಿನವೂ ನಡೆಯುತ್ತದೆ.

ನಮ್ಮ ರಾಜ್ಯದ ಪಾಂಬನ್‌ನಲ್ಲಿ 2025ರ ಏಪ್ರಿಲ್ 6ರಂದು ಉದ್ಘಾಟನೆಯಾದ ಹೊಸ ರೈಲು ಸೇತುವೆಯ 72.5 ಮೀಟರ್ ಉದ್ದದ ಭಾಗವು ಹಡಗುಗಳಿಗೆ ದಾರಿ ಬಿಡಲು 17 ಮೀಟರ್‌ವರೆಗೆ ನೆಟ್ಟಗೆ ಮೇಲೇರುತ್ತದೆ. ‘17 ಮೀಟರ್ ಎಂದರೆ ನೀರಿನಿಂದಲೇ? ಅಥವಾ ಸೇತುವೆ ಕೆಳಗಿಳಿದಿದ್ದಾಗ ಇರುವ ಜಾಗದಿಂದಲೇ?’ ಎಂದು ಕೇಳುವ ವಿದ್ಯಾರ್ಥಿ ಈ ಪಾಠವನ್ನು ಕಲಿತಿದ್ದಾನೆ ಎಂದು ತಿಳಿಯಬಹುದು.

೯. ನಮ್ಮ ಬೀದಿಯಲ್ಲಿಯೇ ಈ ಲೆಕ್ಕ

ಈಗಿನ ಕೂವೆಮರಗಳು ಹೆಚ್ಚಾಗಿ ಅಲ್ಯೂಮಿನಿಯಮ್ ಅಥವಾ ಕಾರ್ಬನ್ ಎಳೆಗಳಿಂದ ಮಾಡಿದವು. ಎರಡೂ ವಿದ್ಯುತ್ತನ್ನು ಹರಿಸುತ್ತವೆ. ಅಧಿಕ ಒತ್ತಡದ ತಂತಿಯನ್ನು ಮುಟ್ಟಬೇಕೆಂದೂ ಇಲ್ಲ; ಬಹಳ ಹತ್ತಿರ ಹೋದರೂ ವಿದ್ಯುತ್ ಜಿಗಿದು ಹರಿಯಬಹುದು. ಆದುದರಿಂದಲೇ ಲೆಕ್ಕದ ಉತ್ತರದ ಮೇಲೆ ಇನ್ನಷ್ಟು ಅಂತರವನ್ನು ಉಳಿಸಿಕೊಳ್ಳುವುದು ಕಡ್ಡಾಯ.

ಇದು ದೋಣಿಗಷ್ಟೇ ಸಂಬಂಧಿಸಿದ ಮಾತಲ್ಲ. 2022ರ ಏಪ್ರಿಲ್ 27ರಂದು ತಂಜಾವೂರಿನ ಬಳಿಯ ಕಳಿಮೇಡಿನಲ್ಲಿ ದೇವರ ತೇರಿನ ಮೇಲ್ಭಾಗ ವಿದ್ಯುತ್ ತಂತಿಗೆ ತಗಲಿ 11 ಜನ ಪ್ರಾಣ ಕಳೆದುಕೊಂಡರು; ಅವರಲ್ಲಿ ಮಕ್ಕಳೂ ಇದ್ದರು. ಹೊಸೂರಿನ ಚಂದ್ರಚೂಡೇಶ್ವರನ ತೇರನ್ನು ಪ್ರತಿ ವರ್ಷ ನೋಡುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೇರಿನ ಎತ್ತರವನ್ನು ಚಕ್ರದ ಮೇಲಿನಿಂದ ಅಳೆಯಬೇಕೇ, ಬೀದಿಯಿಂದಲೇ? ಕಳಶ, ಬಾವುಟ, ದೀಪಾಲಂಕಾರ ಲೆಕ್ಕಕ್ಕೆ ಸೇರಿದವೇ? ಹುಲ್ಲು ತುಂಬಿದ ಲಾರಿಗೂ, ಅಲ್ಯೂಮಿನಿಯಮ್ ಏಣಿ ಹೊತ್ತು ನಡೆಯುವವರಿಗೂ ಇವೇ ಪ್ರಶ್ನೆಗಳು. ಮಕ್ಕಳು ದೂರದಿಂದ ಕೋನ ನೋಡಿ ಲೆಕ್ಕ ಮಾಡಬೇಕೇ ಹೊರತು ಯಾವ ಕಾರಣಕ್ಕೂ ಕೋಲು, ಟೇಪು ಹಿಡಿದು ತಂತಿಯ ಬಳಿ ಹೋಗಬಾರದೆಂದು ಶಿಕ್ಷಕರು ಖಂಡಿತವಾಗಿ ಹೇಳತಕ್ಕದ್ದು.

೧೦. ತರಗತಿಯ ಚಟುವಟಿಕೆ

ಎರಡು ಅವಧಿಗಳು ಸಾಕು. ಮೊದಲ ಅವಧಿಯಲ್ಲಿ 470, 420, ಐಎಲ್‌ಸಿಎ 7, ಲೇಸರ್ 4.7, ಟ್ವೆಂಟಿನೈನರ್ ಎಂಬ ಹೆಸರುಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಪ್ರತಿಯೊಂದು ಸಂಖ್ಯೆಯ ಮುಂದೆ ಉದ್ದ, ವಿಸ್ತೀರ್ಣ ಅಥವಾ ಬರಿಯ ಹೆಸರು ಎಂದು ಮಕ್ಕಳಿಂದ ತುಂಬಿಸಬೇಕು. ಎರಡನೆಯ ಅವಧಿಯಲ್ಲಿ ಧ್ವಜಸ್ತಂಭದ ಎತ್ತರವನ್ನು ಒಂದು ಗುಂಪು ನೆರಳಿನಿಂದಲೂ, ಇನ್ನೊಂದು ಗುಂಪು ಒಂದು ಕೋನದಿಂದಲೂ, ಮತ್ತೊಂದು ಗುಂಪು ಎರಡು ಕೋನಗಳಿಂದಲೂ ಕಂಡುಹಿಡಿಯಲಿ. ಉತ್ತರವನ್ನು ‘ಕಟ್ಟೆಯಿಂದ ಇಷ್ಟು’, ‘ಅಂಗಳದಿಂದ ಇಷ್ಟು’ ಎಂದು ಎರಡು ಸಾಲುಗಳಲ್ಲಿ ಬರೆಯಬೇಕು. ಬರಿಯ ಸಂಖ್ಯೆ ಬರೆದ ಉತ್ತರಕ್ಕೆ ಪೂರ್ಣ ಅಂಕ ಕೊಡಬಾರದು.

ಮೂರು ಗುಂಪುಗಳ ಉತ್ತರಗಳು ತುಸು ಬೇರೆಯಾಗುವುದು ಸಹಜ. ಆಗ ಸರಿ ಯಾವುದೆಂದು ಶಿಕ್ಷಕರು ತೀರ್ಪು ಕೊಡುವುದಕ್ಕಿಂತ, ಪ್ರತಿ ಗುಂಪೂ ಎಲ್ಲಿಂದ ಅಳೆಯಿತು, ಕಣ್ಣಿನ ಮಟ್ಟವನ್ನು ಕೂಡಿಸಿತೇ, ನೆಲ ಸಮವಾಗಿತ್ತೇ ಎಂದು ಪರಸ್ಪರ ಕೇಳಿಕೊಳ್ಳುವಂತೆ ಮಾಡುವುದು ಮೇಲು. ‘ಎಲ್ಲಿಂದ ಅಳೆದಿರಿ?’ ಎಂದು ಒಂದು ಮಗು ಇನ್ನೊಂದು ಮಗುವನ್ನು ಕನ್ನಡದಲ್ಲಿ ಕೇಳಿದ ದಿನ ಈ ಪಾಠ ಮುಗಿಯಿತೆಂದು ತಿಳಿಯಬಹುದು.